ಲಾರಿ ಕ್ಯಾಬಿನ್ನಿಗೆ ಸಣ್ಣ ಫ್ರಿಜ್: ನಮ್ಮ ಕಡಿ ಬ್ಯಾಸಗಿ ತಾಳೋದು ಯಾವ್ದ್ರಿ?

ಗಂಗಾವತಿ ಹನ್ನೆರಡು ಚಕ್ರ:

ನಮಸ್ಕಾರ್ರಿ ಎಲ್ಲಾರಿಗೂ. ನಂದು ಕೆಎ 37 ಗಾಡಿ. ನಾನ ಮಾಲಕ, ನಾನ ಡ್ರೈವರ್, ಕ್ಲೀನರ್ ಕೈ ಕೊಟ್ಟ ದಿನ ಅದೂ ನಾನ. ಇಲ್ಲಿ ಮಿಲ್ಲಿನಾಗ ಸೋನಾ ಮಸೂರಿ ತುಂಬ್ಕೊಂಡು ಕುಷ್ಟಗಿ, ಇಳಕಲ್, ವಿಜಯಪುರ, ಸೊಲ್ಲಾಪುರ ಮ್ಯಾಲ ನವಿ ಮುಂಬೈದಾಗಿನ ವಾಶಿ ಮಾರ್ಕೆಟ್ಟಿಗೆ ಹೊಡಿತೀನಿ. ಅಲ್ಲಿ ಪಾಳಿ ಹಚ್ಚಿ ನಿಂದ್ರೋದು, ವಾಪಸ್ ಲೋಡಿಗೆ ಕಾಯೋದು ಎಲ್ಲಾ ಸೇರಿ ವಾರಗಟ್ಲೆ ಗಾಡ್ಯಾಗ ಬಾಳೇವು.

ಎರಡು ವರ್ಷದಿಂದ ಸಕ್ಕರಿ ಕಾಯಿಲಿಗೆ ಇನ್ಸುಲಿನ್ ಚುಚ್ಕೋತೀನಿ. ಮೊದಲ ಐಸ್ ಡಬ್ಬಿ ಇಟ್ಟಿದ್ದೆ. ಐಸ್ ಕರಗಿ ಇನ್ಸುಲಿನ್ ಡಬ್ಬಿ ನೀರಾಗ ತೇಲೋದು, ಮ್ಯಾಲಿನ ಚೀಟಿ ಉಚ್ಚಿ ಹೋಗೋದು. ಬ್ಯಾಡ ಅಂತ ಹೋದ ಬ್ಯಾಸಗ್ಯಾಗ ಆನ್‌ಲೈನಿನಾಗ 4,200 ರೂಪಾಯಿದು ಒಂದು ಸಣ್ಣ ಫ್ರಿಜ್ ತರಿಸಿದೆ. ತಂಪೂ ಮಾಡ್ತೈತಿ ಬಿಸಿನೂ ಮಾಡ್ತೈತಿ ಅಂತ ಬರದಿತ್ತು. ಸೊಲ್ಲಾಪುರದ ಹತ್ರ ಧಾಬಾದಾಗ ಮಧ್ಯಾಹ್ನ ಎರಡು ತಾಸು ಗಾಡಿ ನಿಂದ್ರಿಸಿ ಬಂದು ಮುಚ್ಚಳ ತಗದ್ರ, ಬಾಟ್ಲಿ ನೀರು ಮೈ ತೊಳ್ಕೊಳ್ಳಾಕ ಬರೋ ಹಂಗ ಆಗಿತ್ತು. ಮನ್ಯಾಗ ಕಟ್ಟಿ ಕೊಟ್ಟ ಮೊಸರು ಹುಳಿತು ಡಬ್ಬಿ ಮುಚ್ಚಳಾನ ಎಬ್ಬಿಸಿತ್ತು. ಮೊಸರು ಹೋದ್ರ ಹೋಗ್ಲಿ, ಅದರ ಬಾಜೂಕ ಇನ್ಸುಲಿನ್ ಇತ್ತಲ್ರಿ.

ಮತ್ತೊಂದು ಗೋಳು. ಆ ಫ್ರಿಜ್ಜು 12 ವೋಲ್ಟಿಂದು. ವೈರ್ ಜೋಡಿಸಿದಾಂವ ಎರಡು ಬ್ಯಾಟರಿಯೊಳಗ ಒಂದರಿಂದ ಕರೆಂಟ್ ಕೊಟ್ಟ. ನಾಲ್ಕ ತಿಂಗಳಿಗೆ ಒಂದು ಬ್ಯಾಟರಿ ಸತ್ತು, ಲೋಡ್ ಗಾಡಿ ನಸುಕಿನ್ಯಾಗ ಸ್ಟಾರ್ಟ್ ಆಗಲಿಲ್ಲ. ಲೋಡ್ ಇದ್ದ ಹನ್ನೆರಡು ಚಕ್ರ ದಬ್ಬಾಕ ಬರ್ತೈತೇನ್ರಿ?

ಈಗ 20 ಸಾವಿರದ ತನಕ ಹಾಕಾಕ ತಯಾರ್ ಅದೀನಿ. ಮನಿಯಾಕಿ, "ಮನ್ಯಾಗಿನ ದೊಡ್ಡ ಫ್ರಿಜ್ಜಿಗೆ ಹದಿನಾಲ್ಕು ಕೊಟ್ಟೇವಿ, ಮಂಡಿ ಮಟ ಬರೋ ಡಬ್ಬಿಗೆ ಇಪ್ಪತ್ತ?" ಅಂತಾಳ. ಆಕಿದೂ ಖರೇನ. ಇನ್ವರ್ಟರ್ ಹಾಕಿ ಮನಿ ಫ್ರಿಜ್ಜ ಒಂದು ಸಣ್ಣದು ಇಟ್ರ ನಡಿತೈತೇನು? ಖಡ್ಡಾದಾಗ ಕುಣಿದ್ರೂ ನಾಲ್ಕೈದು ವರ್ಷ ಬಾಳಿಕಿ ಬರೋದು ಬೇಕು.

ಹೊಸಪೇಟೆ ಆಟೋ ಎಲೆಕ್ಟ್ರಿಷಿಯನ್:

ಅಣ್ಣ, ತೋರಣಗಲ್ಲಿಂದ ಉಕ್ಕಿನ ಕಾಯಿಲ್ ಹೊರೋ ಟ್ರೇಲರ್‌ಗಳೇ ನನ್ನ ಗಿರಾಕಿಗಳು, ಇದೇ ಕೇಸು ತಿಂಗಳಿಗೆ ಎರಡಾದ್ರೂ ಬರುತ್ತೆ. ನಿಮ್ಮ ಬ್ಯಾಟರಿ ಕೊಂದಿದ್ದು ಫ್ರಿಜ್ ಅಲ್ಲ, ವೈರ್ ಎಳೆದವನು. ಗಾಡೀಲಿ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸಲ್ಲಿ, ಅಂದ್ರೆ ಒಂದರ ಹಿಂದೊಂದು ಜೋಡಿಸಿ ಕೂತು, 24 ವೋಲ್ಟ್ ಆಗಿರುತ್ತೆ. ಒಂದರಿಂದ ಮಾತ್ರ ಕರೆಂಟ್ ತೆಗೆದ್ರೆ ಅದು ದಿನಾ ಇಳೀತಾ ಹೋಗುತ್ತೆ. ಆಲ್ಟರ್ನೇಟರ್ ಎರಡನ್ನೂ ಒಂದೇ ಅಂತ ಚಾರ್ಜ್ ಮಾಡುತ್ತೆ, ಇಳಿದಿದ್ದು ತುಂಬಲ್ಲ, ತುಂಬಿರೋದು ಕುದಿಯುತ್ತೆ. ಜೋಡೆತ್ತಲ್ಲಿ ಒಂದಕ್ಕೆ ಮಾತ್ರ ಮೇವು ಕಮ್ಮಿ ಹಾಕಿ ಇಬ್ಬರನ್ನೂ ಒಂದೇ ನೊಗಕ್ಕೆ ಕಟ್ಟಿದಂಗೆ.

ನಿಮ್ಮ ಹಳೇ ಡಬ್ಬೀಲಿ ಕಂಪ್ರೆಸರೇ ಇಲ್ಲ. ಪೆಲ್ಟಿಯರ್ ಅಂತ ಒಂದು ಬಿಲ್ಲೆ ಇರುತ್ತೆ, ಕರೆಂಟ್ ಹರಿದ್ರೆ ಒಂದು ಮಗ್ಗುಲು ತಣ್ಣಗೆ, ಇನ್ನೊಂದು ಮಗ್ಗುಲು ಬಿಸಿ. ಸುತ್ತಲಿನ ಶಾಖಕ್ಕಿಂತ 15ರಿಂದ 20 ಡಿಗ್ರಿ ಇಳಿಸೋದೇ ಅದರ ತಾಕತ್ತು. ಊಟಿಲಿ ಫ್ರಿಜ್, ನಮ್ಮೂರಲ್ಲಿ ಬರೀ ಡಬ್ಬಿ. ಬಿಸಿಲಲ್ಲಿ ಗ್ಲಾಸ್ ಏರಿಸಿ ನಿಲ್ಲಿಸಿದ ಕ್ಯಾಬಿನ್ 50 ದಾಟುತ್ತೆ, ಒಳಗೆ 30ರ ಮೇಲೇ ಉಳಿಯುತ್ತೆ, ಲೆಕ್ಕ ನೀವೇ ಹಾಕಿ.

ಕರೆಂಟಲ್ಲೂ ಅದೇ ಮೋಸ. ಸಣ್ಣದು ಕಮ್ಮಿ ಕುಡಿಯುತ್ತೆ ಅನ್ಕೋತೀವಿ. ಅದು 48 ವ್ಯಾಟ್, ಬಿಡುವಿಲ್ಲದೆ ಓಡುತ್ತೆ. ಕಂಪ್ರೆಸರ್ ಡಬ್ಬಿನೂ ಹೆಚ್ಚು ಕಮ್ಮಿ ಅಷ್ಟೇ ವ್ಯಾಟು, ಆದ್ರೆ ತಣ್ಣಗಾದ ಮೇಲೆ ನಿಲ್ಲುತ್ತೆ. ಅರ್ಧ ಹೊತ್ತು ಓಡಿತು ಅಂದ್ರೆ 24 ವೋಲ್ಟಲ್ಲಿ ಗಂಟೆಗೆ ಸರಾಸರಿ 1 ಆಂಪ್, ರಾತ್ರಿ 10 ಗಂಟೆಗೆ 10 ಆಂಪ್-ಅವರ್. ಮೇ ತಿಂಗಳಲ್ಲಿ 15 ಅಂತ ಇಟ್ಕೊಳ್ಳಿ. ಆರೋಗ್ಯವಾಗಿರೋ ಲಾರಿ ಬ್ಯಾಟರಿಗೆ ಇದೇನೂ ಹೊರೆ ಅಲ್ಲ.

ಅದಕ್ಕೇ 12/24 ಎರಡಕ್ಕೂ ನಡೆಯೋ ಕಂಪ್ರೆಸರ್ ಫ್ರಿಜ್ ತಗೊಳ್ಳಿ. ಬ್ಯಾಟರಿ ಕಟಾಫ್ ಇರಲೇಬೇಕು, ಸಾಮಾನ್ಯವಾಗಿ ಹೈ, ಮೀಡಿಯಂ, ಲೋ ಅಂತ ಮೂರು ಸೆಟ್ಟಿಂಗ್ ಇರುತ್ತೆ. ಲಾರಿ ಬ್ಯಾಟರಿಗೇ ಕೊಡೋದಾದ್ರೆ ಹೈ ಮೇಲೆ ಇಡಿ, ಸ್ಟಾರ್ಟಿಂಗಿಗೆ ಬೇಕಾದ್ದು ಉಳಿಸಿ ಫ್ರಿಜ್ ತಾನೇ ಆಫ್ ಆಗುತ್ತೆ. ಒಳಗೆ ಯಾವ ಕಂಪ್ರೆಸರ್ ಅಂತ ಕೇಳಿ. ಹಳಬರು ಡ್ಯಾನ್‌ಫಾಸ್ ಅಂತಿದ್ರಲ್ಲ, ಅದೇ ಈಗ ಸೆಕೋಪ್ ಹೆಸರಲ್ಲಿ ಬರ್ತಿದೆ. ಅದಿದ್ರೆ ರೇಟ್ ಜಾಸ್ತಿ, ಇಪ್ಪತ್ತಕ್ಕೆ ಸಿಗೋದು ಕಷ್ಟ.

ವೈರ್ ವಿಷಯ ಮಾತ್ರ ಬರ್ಕೊಳ್ಳಿ. ಸಿಗರೇಟ್ ಲೈಟರ್ ಸಾಕೆಟ್ ಬೇಡ. ಕುಲುಕಾಟಕ್ಕೆ ಲೂಸಾಗಿ ಕಾದು ಪ್ಲಾಸ್ಟಿಕ್ ಕರಗಿರೋದು ನನ್ನ ಅಂಗಡೀಲಿ ಒಂದು ಡಬ್ಬಿ ತುಂಬಾ ಇದಾವೆ. ಎರಡೂ ಬ್ಯಾಟರಿ ಸೇರಿದ 24ರಿಂದ ನೇರ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆಸಿ. ಸಣ್ಣ ವೈರ್ ಹಾಕಿದ್ರೆ ಕಂಪ್ರೆಸರ್ ಎದ್ದೇಳೋವಾಗ ವೋಲ್ಟೇಜ್ ಕುಸಿದು, ಬ್ಯಾಟರಿ ತುಂಬಿದ್ರೂ ಕಟಾಫ್ ಆಗುತ್ತೆ, ಜನ ಫ್ರಿಜ್ ಕೆಟ್ಟಿದೆ ಅಂತ ಬರ್ತಾರೆ. ಪ್ಲಸ್ ವೈರಿಗೆ ಬ್ಯಾಟರಿ ಹತ್ರಾನೇ ಫ್ಯೂಸ್, ಏಳೂವರೆ ಇಲ್ಲ 10 ಆಂಪ್. ಕಂಪನಿ ವೈರಿಂಗ್ ಕತ್ತರಿಸೋಕೆ ಯಾರನ್ನೂ ಬಿಡಬೇಡಿ. ಹೊಸ ಹೊಗೆ ನಿಯಮದ ಬಿಎಸ್ 6 ಗಾಡೀಲಿ ಮೊದಲೇ ಇರೋ ತಲೆನೋವು ಸಾಕು.

ಇನ್ವರ್ಟರ್ ಯೋಚನೆ ಬಿಟ್ಬಿಡಿ. ಮನೆ ಫ್ರಿಜ್ ಎದ್ದೇಳೋವಾಗ ಓಡೋದಕ್ಕಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತೆ, ದೊಡ್ಡ ಇನ್ವರ್ಟರ್ ಬೇಕು, ಆ ಇನ್ವರ್ಟರ್ ಸುಮ್ಮನೆ ಕೂತಾಗಲೂ ತಿನ್ನುತ್ತೆ. ಅದರ ಪೈಪುಗಳು ಅಡುಗೆಮನೆ ಮೂಲೇಲಿ ನಿಲ್ಲೋಕೆ ಮಾಡಿದ್ದು, ಖಡ್ಡಾಕ್ಕಲ್ಲ.

ಸಂಡೂರು ಟಿಪ್ಪರ್:

ಇಷ್ಟೆಲ್ಲಾ ಯಾಕಣ್ಣ, ಮಣ್ಣಿನ ಮಡಕೆಗೆ ಹಸಿ ಗೋಣಿ ಸುತ್ತಿ ಇಡಿ. ಇಲ್ಲಾ ಹೊಸ ಗಾಡಿ ತಗೊಳ್ಳಿ. 2025ರ ಅಕ್ಟೋಬರ್ 1ರಿಂದ ತಯಾರಾಗೋ ಲಾರಿಗೆಲ್ಲಾ ಎಸಿ ಕ್ಯಾಬಿನ್ ಕಡ್ಡಾಯ ಆಗೈತೆ.

ಶಕ್ತಿನಗರ ಬೂದಿ ಬಲ್ಕರ್:

ಎಸಿ ಎಂಜಿನ್ ನಡದಾಗ ಅಷ್ಟೇ ತಮ್ಮಾ. ಅನ್‌ಲೋಡಿಂಗ್ ಪಾಳ್ಯಾಗ ಎರಡು ದಿನ ಎಂಜಿನ್ ಚಾಲೂ ಇಟ್ರ ಡೀಸೆಲ್ ರೊಕ್ಕ ನೀ ಕೊಡ್ತೀ ಏನು? ಮಡಕಿ ಓಡೋ ಗಾಡ್ಯಾಗ ಎಷ್ಟು ದಿನ ಉಳೀತದ ಅನ್ನೋದೂ ಹೇಳಿಬಿಡು.

ಗಂಗಾವತಿ ಅಣ್ಣಾರ, ನಾ ಆರ್‌ಟಿಪಿಎಸ್, ಅಂದ್ರ ರಾಯಚೂರಿನ ಕಲ್ಲಿದ್ದಲು ಕರೆಂಟ್ ಕೇಂದ್ರದಿಂದ ಸಿಮೆಂಟ್ ಫ್ಯಾಕ್ಟರಿಗೆ ಹಾರುಬೂದಿ ಹೊಡೀತೀನಿ. 25 ಲೀಟರಿನ ಕಂಪ್ರೆಸರ್ ಡಬ್ಬಿ ಇಟ್ಟು ಮೂರು ವರ್ಷ ಆಗ್ಯದ. ಒಂದ ಸಲ ಕೆಟ್ಟದ, ಅದೂ ನನ್ನ ತಪ್ಪಿಲೆ. ಸೀಟಿನ ಹಿಂದ ಇಟ್ಟು ಮ್ಯಾಲ ಹಾಸಿಗಿ ಒತ್ತಿದ್ದೆ. ಬಿಸಿಗಾಳಿ ಹೊರಗ ಹೋಗಾಕ ಹಾದಿ ಇಲ್ಲ, ನಿಲ್ಲದ ಓಡಿ ಓಡಿ ಒಳಗಿನ ಫ್ಯಾನ್ ಸುಟ್ಟಿತು. ಬಿಚ್ಚಿ ನೋಡಿದ್ರ ಜಾಳಗಿ ತುಂಬ ಬೂದಿ, ರೊಟ್ಟಿ ಹಿಟ್ಟು ಜಿಗಿ ಹಿಡದಂಗ ಕುಂತಿತ್ತು. ಈಗ ತಿಂಗಳಿಗೊಮ್ಮೆ ಪಂಕ್ಚರ್ ಅಂಗಡ್ಯಾಗ ಚಕ್ರಕ್ಕ ಗಾಳಿ ಹೊಡಸಿದಾಗ ಅದಕ್ಕೂ ಹೊಡಸ್ತೀನಿ, ದೂರ ಹಿಡದು. ಜಾಳಗಿ ಸುತ್ತ ನಾಲ್ಕು ಬಟ್ಟು ಜಾಗ ಬಿಡ್ರಿ.

ಕುಣಿಯೋದರ ಬಗ್ಗೆ ಅಂಜಬ್ಯಾಡ್ರಿ, ಅದು ಗಾಡಿ ಸಲುವಾಗಿನ ಮಾಡಿದ್ದು. ಕಟ್ಟಲಾರದ ಇಡಬ್ಯಾಡ್ರಿ ಅಷ್ಟ. ಹಳೇ ಟ್ಯೂಬ್ ಕೊಯ್ದು ಅಡಿಗಿ ಹಾಸಿ, ಮ್ಯಾಲ ರ‍್ಯಾಚೆಟ್ ಬೆಲ್ಟ್ ಬಿಗೀರಿ. ತೊಗೊಳ್ಳೋಕಿಂತ ಮೊದಲು ಟೇಪ್ ಹಿಡದು ಎರಡು ಸೀಟಿನ ನಡುವ ಅಳತಿ ಮಾಡ್ರಿ. ಎರಡು ಲೀಟರ್ ಬಾಟ್ಲಿ ನಿಂದ್ರೂತದೋ ಇಲ್ಲೋ ನೋಡ್ರಿ, ಮಲಗಿಸಿದ ಬಾಟ್ಲಿ ಯಾವತ್ತಿದ್ರೂ ಸೋರೂತದ.

ಕೊಪ್ಪಳ ಮೆಡಿಕಲ್ ಶಾಪ್:

ಎಲ್ಲಾರೂ ಗಾಡಿ ಮಾತಾಡಿದ್ರಿ, ಔಷಧದ ಮಾತು ನಾ ಹೇಳ್ತೀನಿ. ಒಡೀದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗ ಇರಬೇಕು. ಬಳಸಾಕ ಹತ್ತಿದ ಪೆನ್ನು ಹೆಚ್ಚಿನವು 28 ದಿನ ಹೊರಗ ಇದ್ರೂ ನಡಿತಾವ, ಆದ್ರ 30 ಡಿಗ್ರಿ ಒಳಗ. ನಿಮ್ಮ ಡಬ್ಬಿಯೊಳಗಿನ ಹಾಳಿ ಓದ್ರಿ, ಕಂಪನಿಗೊಂದು ಥರ ಇರ್ತೈತಿ. ಬಿಸಿಗಿಂತ ಕಂಪ್ರೆಸರ್ ಫ್ರಿಜ್ಜಿನಾಗ ಹೆದರಿಕಿ ಬ್ಯಾರೆ, ಅದು ಮೈನಸ್ಸಿಗೂ ಇಳಿತೈತಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ನೀರಾದ್ರೂ ಬಳಸಬಾರ್ದು, ಒಗೀಬೇಕು. ಗ್ವಾಡಿಗೆ ಹಚ್ಚಿ ಇಡಬ್ಯಾಡ್ರಿ, ಟವೆಲ್ಲಿನಾಗ ಸುತ್ತಿ ನಡುವ ಇಡ್ರಿ. ಫ್ರಿಜ್ಜಿನ ಮ್ಯಾಲಿನ ನಂಬರ್ ನಂಬಬ್ಯಾಡ್ರಿ, ಸಣ್ಣ ಡಿಜಿಟಲ್ ಥರ್ಮಾಮೀಟರ್ ಒಂದು ಒಳಗ ಹಾಕ್ರಿ. ಆವತ್ತು ಮೊಸರಿನ ಬಾಜೂಕ ಇದ್ದದ್ದನ್ನ ಒಗದೀರಿ ಅಂತ ತಿಳ್ಕೋತೀನಿ.

ಗಂಗಾವತಿ ಹನ್ನೆರಡು ಚಕ್ರ:

ಒಗದಿರಲಿಲ್ರಿ. ಅದನ್ನ ಚುಚ್ಕೊಂಡು ವಾರ ತಿರುಗಿದೆ, ಸಕ್ಕರಿ 340ಕ್ಕ ಹೋಗಿತ್ತು. ಊಟದ ತಪ್ಪು ಅಂತ ಡಾಕ್ಟರ್ ಕಡಿ ಬೈಸ್ಕೊಂಡೆ. ಈಗ ತಿಳೀತು.

ಮೂರು ವಾರ ಆತು, ಏನು ಮಾಡಿದೆ ಅಂತ ಹೇಳಿಬಿಡ್ತೀನಿ. 22 ಲೀಟರಿಂದು ಕಂಪ್ರೆಸರ್ ಫ್ರಿಜ್ ತಗೊಂಡೆ, ಹದಿನೆಂಟೂವರಿ ಬಿತ್ತು. ಕಂಪ್ರೆಸರ್ ಆ ದೊಡ್ಡ ಹೆಸರಿಂದಲ್ಲ, ಎರಡು ವರ್ಷ ವಾರಂಟಿ ಐತಿ, ನೋಡೂಣು. ವೈರು, ಫ್ಯೂಸು, ಕೂಲಿ 1,600. ಹೊಸಪೇಟಿ ಅಣ್ಣಾರ ಹೇಳಿದ್ದನ್ನ ಮೊಬೈಲಿನಾಗ ತೋರಿಸಿಕೊಂಡ ಮಾಡಿಸಿದೆ. ಇಲ್ಲಿನ ಎಲೆಕ್ಟ್ರಿಷಿಯನ್ ಮಾರಿ ಸಣ್ಣದು ಮಾಡಿದ, ಮಾಡ್ಲಿ ಬಿಡ್ರಿ.

ಒಂದು ಟ್ರಿಪ್ ವಾಶಿಗೆ ಹೋಗಿ ಬಂದೆ. ಕಟಾಫ್ ಹೈ ಮ್ಯಾಲ ಐತಿ. ಪಾಳ್ಯಾಗ ಒಂದು ಪೂರಾ ದಿನ, ಒಂದು ರಾತ್ರಿ ನಿಂತೆ, ಮುಂಜಾನಿ ಒಂದ ಸೆಲ್ಫ್ ಸ್ಟಾರ್ಟಿಗೆ ಗಾಡಿ ಎದ್ದಿತು. ಮೊದಲನೇ ರಾತ್ರಿ 2 ಡಿಗ್ರಿಗೆ ಇಟ್ಟಿದ್ದೆ, ಥರ್ಮಾಮೀಟರ್ ತಳದಾಗ ಮೈನಸ್ 1 ತೋರಿಸ್ತು. ಮೆಡಿಕಲ್ ಅಣ್ಣಾರ ಹೇಳದಿದ್ರ ಮತ್ತೊಂದು ಡಬ್ಬಿ ಹೋಗ್ತಿತ್ತು. ಈಗ 5ಕ್ಕ ಇಟ್ಟೀನಿ, ಟವೆಲ್ಲಿನಾಗ 4ರಿಂದ 6 ಆಡ್ತೈತಿ. ರಾತ್ರಿ ಕಂಪ್ರೆಸರ್ ಗುಂಯ್ ಅಂದು ಏಳೋವಾಗ ಮೊದಲೆರಡು ದಿನ ಎಚ್ಚರಾಗ್ತಿತ್ತು.

ಹಳೇ ಡಬ್ಬಿ ಮನಿಯಾಕಿ ಇಸ್ಕೊಂಡಾಳ. ವೈರ್ ಕತ್ತರಿಸಿ ಒಗದು ಅದರಾಗ ಹಪ್ಪಳ ತುಂಬಿ ಇಟ್ಟಾಳ, ಗಾಳಿ ಆಡೂದಿಲ್ಲಂತ.