ತಪ್ಪು ಕಂಡರೂ ಸೀನಿಯರ್ ಎದುರು ಬಾಯಿ ಬರದ ತಮ್ಮ: ಕೋರ್ಸ್ ಮಾಡಿಸಲಾ?

ಶಿರಸಿ ಅಕ್ಕ: ತಮ್ಮ ವಿಮಾನ ರಿಪೇರಿ ಹ್ಯಾಂಗರ್‌ನಲ್ಲಿ ಟ್ರೇನಿ, ಆರು ತಿಂಗಳಾಯ್ತು. ಕೆಲಸ ಬರುತ್ತದೆ, ಬಾಯಿ ಬರುವುದಿಲ್ಲ. ಸೀನಿಯರ್ ತಪ್ಪು ಮಾಡಿದ್ದು ಕಂಡರೂ ಸುಮ್ಮನಿದ್ದು, ರಾತ್ರಿ ನನಗೆ ಫೋನ್ ಮಾಡಿ ಒದ್ದಾಡುತ್ತಾನೆ. ಬೆಂಗಳೂರಲ್ಲಿ 45,000 ರೂಪಾಯಿಯ ಮಾತುಗಾರಿಕೆ ಕೋರ್ಸ್ ಇದೆಯಂತೆ. ಸೇರಿಸಲಾ? ಅನುಭವ ಇದ್ದವರು ಹೇಳಿ.

ಕುಮಟಾದವ: ಕೋರ್ಸ್ ಗೀರ್ಸ್ ಬಿಡಿ, ನನ್ನ ಕತೆ ಕೇಳಿ. ನಾನೂ ಹ್ಯಾಂಗರ್‌ನವನೇ, ಹನ್ನೊಂದು ವರ್ಷ. ಎರಡನೇ ವರ್ಷ, ರಾತ್ರಿ ಪಾಳಿ, ಬೆಳಗಿನ ಜಾವ ಮೂರೂವರೆ. ಟೂಲ್ ಬೋರ್ಡಿನಲ್ಲಿ ಒಂದು ಸ್ಪ್ಯಾನರ್ ಇಲ್ಲ, ಅದರ ಕಪ್ಪು ಆಕಾರ ಮಾತ್ರ ಇದೆ. "ಯಾರೋ ಒಯ್ದಿರ್ತಾರೆ, ಸಹಿ ಹಾಕು" ಅಂದರು ಸೀನಿಯರ್. ಹಾಕಲಿಲ್ಲ, ಎಂಜಿನ್ ಒಳಗೇ ಉಳಿದಿದ್ದರೆ? ಎಂಜಿನ್ ಮುಚ್ಚಳ ಮತ್ತೆ ತೆಗೆದು ಹುಡುಕಿದ್ದೇ ಹುಡುಕಿದ್ದು. ವಿಮಾನ ಎರಡೂಮುಕ್ಕಾಲು ಗಂಟೆ ತಡ. ಸಿಕ್ಕಿದ್ದು ಎಲ್ಲಿ? ಹಿಂದಿನ ಪಾಳಿಯವನ ರೇನ್‌ಕೋಟ್ ಜೇಬಲ್ಲಿ! ನೋಟಿಸ್ ಬಂದದ್ದು ನನಗೆ. ಇನ್‌ಕ್ರಿಮೆಂಟ್ ತಿಂಗಳಿಗೆ 1,150 ಹೋಯ್ತು, ಇವತ್ತಿಗೂ ಲೆಕ್ಕ ಇಟ್ಟಿದ್ದೇನೆ. ಆದ್ರೂ ನಾನು ಮಾಡಿದ್ದೇ ಸರಿ. 1990ರಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂದಿನ ಗಾಜು ಹಾರಿಹೋಗಿ ಕ್ಯಾಪ್ಟನ್ ಅರ್ಧ ಮೈ ಹೊರಗೆ ನೇತಾಡಿದ. ಪುಣ್ಯಕ್ಕೆ ಬದುಕಿದ. ಗಾಜಿನ 90 ಬೋಲ್ಟ್‌ಗಳಲ್ಲಿ 84 ಬೇಕಾದ್ದಕ್ಕಿಂತ ಸಪೂರ ಇದ್ದವು. ಹಾಕಿದ್ದು ಟ್ರೇನಿ ಅಲ್ಲ, ಪಾಳಿಯ ಮುಖ್ಯಸ್ಥನೇ. ಹಳೇ ಬೋಲ್ಟ್ ಪಕ್ಕ ಹಿಡಿದು ಕಣ್ಣಳತೆಯಲ್ಲಿ ಆರಿಸಿದ್ದ.

ಕಾರವಾರ ನಿವೃತ್ತ: ನೌಕಾಪಡೆಯಲ್ಲಿ 22 ವರ್ಷ ದುಡಿದವನು ನಾನು. ಆರು ತಿಂಗಳ ಹುಡುಗ ಹಿರಿಯರಿಗೆ ಪಾಠ ಹೇಳುವುದಾ? ಮೊದಲು ಕೆಲಸ ಕಲಿಯಲಿ.

ಹೊನ್ನಾವರ ಹುಡುಗಿ: ಅಂಕಲ್, 2010ರ ಮೇ 22, ಮಂಗಳೂರು ನೆನಪಿದೆಯಾ? ಕೋ-ಪೈಲಟ್ ಮೂರು ಸಲ "ಗೋ ಅರೌಂಡ್", ಅಂದ್ರೆ ಇಳಿಸಬೇಡಿ, ಮತ್ತೆ ಮೇಲೇರಿಸಿ ಅಂದರು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. 158 ಜನ ಹೋದರು.
ನಾನು ಕ್ಯಾಬಿನ್ ಕ್ರೂ ಇದ್ದೆ. ಇಂಥದ್ದೇ ಕೋರ್ಸಿಗೆ 62,000 ಸುರಿದೆ. ಪಿಜಿ ತಿಂಗಳಿಗೆ 7,500, ಬ್ಲೇಜರ್ 3,200, ಹೀಲ್ಸ್ 1,400, ಅದೂ ಎರಡನೇ ವಾರಕ್ಕೇ ಕಿತ್ತುಹೋಯ್ತು. ಕಲಿಸಿದ್ದು ನಗುವುದು. ಕೆಲಸಕ್ಕೆ ಸೇರಿದ ವರ್ಷ ವಿಮಾನದ ಹಿಂದಿನ ಗ್ಯಾಲಿಯಲ್ಲಿ, ಅಂದ್ರೆ ಅಡುಗೆ ಜಾಗದಲ್ಲಿ, ಸುಟ್ಟ ವಾಸನೆ. ಇಂಟರ್‌ಕಾಮಲ್ಲಿ ಕ್ಯಾಪ್ಟನ್‌ಗೆ "ಸರ್, ಏನೋ ವಾಸನೆ ಬಂದ ಹಾಗಿದೆ" ಅಂದೆ. "ಊಟ ಸೀದಿರಬೇಕು" ಅಂತ ನಕ್ಕರು. ಸೀನಿಯರ್ ಅಕ್ಕ ಫೋನ್ ಕಿತ್ತುಕೊಂಡು, "ಹಿಂದಿನ ಗ್ಯಾಲಿ, ಎಡಗಡೆ ಓವನ್, ವಯರ್ ಸುಟ್ಟ ವಾಸನೆ, ಎರಡು ನಿಮಿಷದಿಂದ. ಹೊಗೆ ಇಲ್ಲ. ಕರೆಂಟ್ ತೆಗೆದಿದ್ದೇವೆ" ಅಂದರು. ಆಮೇಲೆ ಯಾರೂ ನಗಲಿಲ್ಲ.

ಕಾರವಾರ ನಿವೃತ್ತ: ಮಂಗಳೂರಿನದು ಬೇರೆ ತಂಗಿ. ಕ್ಯಾಪ್ಟನ್ ನಿದ್ದೆಗಣ್ಣಲ್ಲಿದ್ದ. ಗೊತ್ತಿಲ್ಲದೆ ಮಾತಾಡಬೇಡ.

ಕುಮಟಾದವ: ನಿದ್ದೆಗಣ್ಣಲ್ಲಿದ್ದವನಿಗೇ ಅಲ್ವಾ ಪಕ್ಕದವ ಹೇಳಬೇಕಾದ್ದು? ಆ 45,000 ಕೊಟ್ಟು ಸೀನಿಯರ್‌ನ ಕಳಿಸಿ ಕೋರ್ಸಿಗೆ.

ಕಾರವಾರ ನಿವೃತ್ತ: ನೋಟಿಸ್ ತಿಂದವರ ಹತ್ತಿರ ನಾನು ಕಲಿಯಬೇಕಾಗಿಲ್ಲ.

ಕುಮಟಾದವ: ನೋಟಿಸ್ ಫ್ರೇಮ್ ಹಾಕಿಸಿ ಇಟ್ಟಿದ್ದೇನೆ, ಬಂದು ನೋಡಿ!

ಅಂಕೋಲಾ: ಸಾಕು ಮಾರಾಯ್ರೆ. ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆದರೆ ಹುಡುಗ ಊರ ಹತ್ತಿರವೇ ಬರ್ತಾನೆ.

ಅಲಗೇರಿಯವ: ಹೌದಾ? ಜಾಗ ಹೋಗುವುದು ನಿಮ್ಮದಾ, ನಮ್ಮದಾ? ಗೇರು ತೋಟಕ್ಕೆ ಎಷ್ಟು ಕೊಡ್ತಾರೆ ಗೊತ್ತುಂಟಾ?

ಶಿರಸಿ ಅಕ್ಕ: ನಾನು ಕೇಳಿದ್ದು ಕೋರ್ಸಿನ ವಿಷಯ.

ಹೊನ್ನಾವರ ಹುಡುಗಿ: ಅಕ್ಕಾ, ಸೇರಿಸುವುದೇ ಆದರೆ ಬ್ಲೇಜರ್ ಹೊಸದು ತಗೋಬೇಡಿ. ನನ್ನದು ನಾಲ್ಕು ಸಲ ಹಾಕಿದ್ದು, ಗಂಡಸರಿಗೂ ಆಗುತ್ತೆ. 800ಕ್ಕೆ ಕೊಡ್ತೇನೆ.