ಪರ್ಷಿಯನ್ ಬೆಕ್ಕಿನ ಕಂಕುಳಲ್ಲಿ ಕೂದಲು ಗಂಟು: ಕತ್ತರಿ ಹಾಕಬಹುದಾ?

ವಿದ್ಯಾನಗರ_ಮಿಯಾಂವ್ (ದಾವಣಗೆರೆ)
ಮೂರು ವರ್ಷದ ಪರ್ಷಿಯನ್ ಹೆಣ್ಣು ಬೆಕ್ಕು, ಹೊರಗೆ ಬಿಡಲ್ಲ. ವಾರಕ್ಕೆ ಎರಡು ಸಲ ಸ್ಲಿಕರ್ ಬ್ರಷ್ (ಸಣ್ಣ ತಂತಿ ಹಲ್ಲಿನದು) ಹಾಕ್ತೀವಿ, ಮೇಲಿಂದ ನೋಡಿದ್ರೆ ಕೂದಲು ಚೆನ್ನಾಗೇ ಐತಿ. ಆದ್ರೆ ಮುಂಗಾಲಿನ ಕಂಕುಳಲ್ಲಿ, ಕಿವಿ ಹಿಂದೆ ಅಡಿಕೆ ಗಾತ್ರದ ಗಂಟುಗಳು. ಹೊಟ್ಟೆ ಕೆಳಗೆ ಅಂಗೈ ಅಗಲ ಕಂಬಳಿ ತುಂಡಿನಂಗೆ ಕೂದಲು ಮೆತ್ಕೊಂಡೈತಿ. ಕತ್ತರಿಸಿ ತೆಗೀಬಹುದಾ? ಮೊದಲು ಶಾಂಪೂ ಹಾಕಿ ತೊಳೀಬೇಕಾ? ಮನೇಲಿ ಹಿರಿಯರು ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ. ಬೇಸಿಗೆ ಬಂತಲ್ಲ, ಪೂರ್ತಿ ಬೋಳಿಸಿದ್ರೆ ಹೆಂಗೆ?

ಬೆಣ್ಣೆನಗರಿ_ಪಶುಮಿತ್ರ
ಕತ್ತರಿ ಬೇಡವೇ ಬೇಡ ಮೇಡಂ. ಬೆಕ್ಕಿನ ಚರ್ಮ ತೀರಾ ತೆಳು, ಸಡಿಲ ಬೇರೆ. ಗಂಟು ಹಿಡಿದು ಎತ್ತಿದ ಕೂಡಲೇ ಚರ್ಮವೂ ಅದರ ಜೊತೆ ಎದ್ದು ಬರುತ್ತೆ. ಕೂದಲು ಎಲ್ಲಿ ಮುಗೀತು, ಚರ್ಮ ಎಲ್ಲಿ ಶುರುವಾಯ್ತು ಅಂತ ಕಣ್ಣಿಗೆ ಕಾಣಲ್ಲ. ಕಂಕುಳಲ್ಲಿ ಹಾಗೆ ಹರಿದರೆ ಹೊಲಿಗೆಯೇ ಗತಿ.

ಸ್ನಾನವೂ ಈಗ ಬೇಡ. ನೆನೆದ ಗಂಟು ಒಣಗುವಾಗ ಇನ್ನಷ್ಟು ಬಿಗಿಯುತ್ತೆ, ಒಳಗೆ ತೇವ ಉಳಿದು ಚರ್ಮ ಕೆಡುತ್ತೆ. ಮೊದಲು ಸಿಕ್ಕು ಬಿಡಿಸೋದು, ಆಮೇಲೆ ನೀರು. ಎಣ್ಣೆ ಹಚ್ಚಿದರೆ ಧೂಳು ಕೂರುತ್ತೆ, ಬೆಕ್ಕು ನೆಕ್ಕಿ ನೆಕ್ಕಿ ಭೇದಿ ಮಾಡಿಕೊಳ್ಳುತ್ತೆ.

ಸ್ಲಿಕರ್ ಬ್ರಷ್ಷಿನ ತಂತಿ ಮೇಲಿನ ಉದ್ದ ಕೂದಲನ್ನು ಸವರಿ ಹೋಗ್ತಿದೆ, ಅಷ್ಟೇ. ಬುಡದ ಮೆತ್ತನೆ ಒಳಗೂದಲು ಉದುರಿ ಅಲ್ಲೇ ಉಳಿದು, ಕಾಲು ಆಡಿಸಿದಾಗ ಉಜ್ಜಿ ಗಂಟಾಗ್ತಿದೆ. ಅದಕ್ಕೇ ಕಂಕುಳು, ಕಿವಿ ಹಿಂದೆ, ತೊಡೆಸಂದು, ಕೊರಳಪಟ್ಟಿ ಕೆಳಗೆ ಮೊದಲು ಶುರುವಾಗೋದು. ಒಂದು ಸ್ಟೀಲ್ ಬಾಚಣಿಗೆ ತಗೊಳ್ಳಿ: ಅರ್ಧ ಭಾಗ ಅಗಲ ಹಲ್ಲು, ಅರ್ಧ ಒತ್ತು ಹಲ್ಲು, ತುದಿ ದುಂಡಗಿರಲಿ. ಒಂದು ಕೈಯಿಂದ ಕೂದಲನ್ನು ಮೇಲಕ್ಕೆತ್ತಿ ಹಿಡಿದು, ಕೆಳಗಿಂದ ಅರ್ಧರ್ಧ ಇಂಚು ಪದರ ಬಿಡುತ್ತಾ ಬುಡದಿಂದ ಬಾಚಿ. ಒತ್ತು ಹಲ್ಲು ಎಲ್ಲೂ ತಡೆಯದೆ ಹೋದರೆ ಮಾತ್ರ ಆ ಜಾಗ ಮುಗಿದ ಹಾಗೆ. ಪರ್ಷಿಯನ್‌ಗೆ ಇದು ದಿನಾ ಬೇಕು, ವಾರಕ್ಕೆರಡು ಸಾಲದು.

ಅಡಿಕೆ ಗಾತ್ರದ ಗಂಟಿಗೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲಿ ತಿಕ್ಕಿ. ಎಡಗೈಯ ಎರಡು ಬೆರಳಲ್ಲಿ ಗಂಟಿನ ಬುಡ ಬಿಗಿಹಿಡಿಯಿರಿ, ಎಳೆತ ಚರ್ಮಕ್ಕೆ ತಾಗಬಾರದು. ಬೆರಳಿಂದಲೇ ಗಂಟನ್ನು ಕೂದಲಿನ ದಿಕ್ಕಿನಲ್ಲಿ ಎರಡು ಮೂರು ಸೀಳು ಮಾಡಿ, ಬಾಚಣಿಗೆಯ ತುದಿ ಹಲ್ಲುಗಳಿಂದ ಹೊರತುದಿಯಲ್ಲಿ ಶುರುಮಾಡಿ ಸ್ವಲ್ಪ ಸ್ವಲ್ಪವೇ ಬುಡಕ್ಕೆ ಬನ್ನಿ. ದಿನಕ್ಕೆ ಒಂದು ಗಂಟು, ಐದು ನಿಮಿಷ. ಬಾಲ ಬಡಿಯೋದು, ಬೆನ್ನ ಚರ್ಮ ಅದುರೋದು, ಕಿವಿ ಹಿಂದಕ್ಕೆ ಮಲಗೋದು ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಕಚ್ಚುವವರೆಗೂ ಕಾದರೆ ನಾಳೆ ಬಾಚಣಿಗೆ ಕಂಡ ಕೂಡಲೇ ಮಂಚದ ಕೆಳಗೆ ಸೇರುತ್ತೆ.

ಹೊಟ್ಟೆಯದ್ದು ಮನೆಯಲ್ಲಿ ಬಗೆಹರಿಯಲ್ಲ. ಅಷ್ಟು ಮೆತ್ತಿಕೊಂಡಿದ್ದರೆ ಕೆಳಗೆ ಚರ್ಮ ಕೆಂಪಾಗಿರೋ ಸಾಧ್ಯತೆ ಹೆಚ್ಚು. ಪಶುವೈದ್ಯರ ಹತ್ತಿರ ಕ್ಲಿಪ್ಪರ್‌ನಲ್ಲಿ ತೆಗೆಸಿ, ಬೇಕಾದರೆ ಮಂಪರು ಕೊಡ್ತಾರೆ. ಮನುಷ್ಯರ ಗಡ್ಡದ ಟ್ರಿಮ್ಮರ್ ಪ್ರಯೋಗ ಮಾಡಬೇಡಿ: ಒಳಗೂದಲಿಗೆ ಸಿಕ್ಕಿ ನಿಲ್ಲುತ್ತೆ, ಬ್ಲೇಡು ಕಾದು ಚರ್ಮ ಸುಡುತ್ತೆ.

ದುರ್ಗದ_ಕೋಟೆಬೆಕ್ಕು
ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೀನಿ. ಬಾಚೋಕೆ ಮುಂಚೆ ಉಗುರು ಕತ್ತರಿಸ್ರಿ. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಬೆರಳಗಾದಿ ಮೆಲ್ಲಗೆ ಒತ್ತಿದ್ರೆ ಉಗುರು ಹೊರಗೆ ಬರ್ತದೆ. ಒಳಗೆ ಗುಲಾಬಿ ಬಣ್ಣ ಕಾಣೋ ಕಡೆ ರಕ್ತನಾಳ ಐತೆ, ಅದಕ್ಕಿಂತ 2 ಮಿಲಿಮೀಟರ್ ಮುಂದೆ, ಉಗುರಿನ ತುದಿ ಕಡೆಗೇ ನಿಲ್ಲಿಸ್ರಿ. ಮುಂಗಾಲಿನ ಒಳಬದಿ ಹೆಬ್ಬೆರಳಿನದ್ದು ನೆಲಕ್ಕೆ ತಾಗಲ್ಲ, ಸವೆಯಲ್ಲ. ಮರೆತ್ರೆ ಸುತ್ತಿ ಬಂದು ಗಾದಿಗೇ ಚುಚ್ತದೆ.

ನಮ್ಮ ಕಡೆ ಚಳಿಗಾಲದ ಒಣಗಾಳಿಗೆ ಪ್ಲಾಸ್ಟಿಕ್ ಬ್ರಷ್ ಹಾಕಿದ್ರೆ ಚಟ್ ಅಂತ ಕರೆಂಟ್ ಹೊಡೀತದೆ, ಬೆಕ್ಕು ಹೆದರ್ತದೆ. ಅಂಗೈ ಸ್ವಲ್ಪ ತೇವ ಮಾಡ್ಕೊಂಡು ಸವರಿ, ಆಮೇಲೆ ಬಾಚಿದ್ರೆ ಆಯ್ತು. ಹೊರಗೆ ತಿರುಗೋ ಬೆಕ್ಕಾದ್ರೆ ಉತ್ತರಾಣಿ ಬೀಜ ಹೊಟ್ಟೆಗೂ ಬಾಲಕ್ಕೂ ಅಂಟಿರ್ತದೆ, ಅದನ್ನ ಬೆರಳಲ್ಲೇ ಒಂದೊಂದಾಗಿ ಕೀಳ್ಬೇಕು. ನಾಟಿ ಬೆಕ್ಕಿಗೆ ಇಷ್ಟೆಲ್ಲ ಕಸರತ್ತು ಬೇಡ, ವಾರಕ್ಕೊಮ್ಮೆ ರಬ್ಬರ್ ಬ್ರಷ್ ಸಾಕು.

ಎಂಸಿಸಿ_ಬ್ಲಾಕ್
ಬೋಳಿಸೋ ವಿಚಾರ: ಬಿಸಿಲಿಗೆ ಅಂತ ಬೋಳಿಸೋದು ನನಗೆ ಸರಿಕಾಣಲ್ಲ. ಬಿಳಿ ಬೆಕ್ಕಾದರೆ ಕಿಟಕಿ ಬಿಸಿಲಿಗೇ ಚರ್ಮ ಸುಡುತ್ತೆ, ಕೂದಲು ಮತ್ತೆ ಉದ್ದ ಆಗೋಕೆ ತಿಂಗಳುಗಟ್ಟಲೆ ಬೇಕು. ಗುದದ ಸುತ್ತ ಮಾತ್ರ ಕ್ಲಿಪ್ಪರ್‌ನಲ್ಲಿ ಗಿಡ್ಡ ಮಾಡಿಸಿ, ಮಲ ಮೆತ್ತಿಕೊಳ್ಳೋದು ತಪ್ಪುತ್ತೆ.

ಬಾಚುವಾಗ ಕಪ್ಪು ಪುಡಿ ಬಂದರೆ ಒದ್ದೆ ಬಿಳಿ ಬಟ್ಟೆ ಮೇಲೆ ಉದುರಿಸಿ ನೋಡಿ. ಕೆಂಪುಕಂದು ಕಲೆ ಹರಡಿದರೆ ಅದು ಚಿಗಟದ ಹಿಕ್ಕೆ. ಸೀರಣಿಗೆ ಹಾಕಿ ಹುಡುಕಿ. ಆದರೆ ನಾಯಿಗೆ ಅಂತ ಮಾರುವ ಚಿಗಟದ ಔಷಧಿ ಮುಟ್ಟಬೇಡಿ. ಅದರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇದ್ದರೆ ಬೆಕ್ಕಿಗೆ ನಡುಕ, ಫಿಟ್ಸ್ ಬಂದು ಸಾಯಲೂಬಹುದು. ಟೀ ಟ್ರೀ ಎಣ್ಣೆ, ಡೆಟಾಲ್ ನೀರು ಕೂಡ ವಿಷವೇ. ದುಂಡಗೆ ಕೂದಲು ಉದುರಿ ಹೊಟ್ಟು ಕಂಡರೆ ಹುಳುಕಡ್ಡಿ ಇರಬಹುದು, ಮನೆ ಮಕ್ಕಳಿಗೂ ಹತ್ತುತ್ತೆ. ಆವಾಗ ಬಾಚೋದು ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ವಿದ್ಯಾನಗರ_ಮಿಯಾಂವ್
ಎಲ್ಲರಿಗೂ ಥ್ಯಾಂಕ್ಸ್. ಹೊಟ್ಟೆಯದ್ದಕ್ಕೆ ಆಸ್ಪತ್ರೆಗೆ ಒಯ್ತೀವಿ. ಕಾರ್ನ್‌ಫ್ಲೋರ್ ಅಂದ್ರೆ ಗಿರಣೀಲಿ ಬೀಸಿದ ಮೆಕ್ಕೆಜೋಳದ ಹಿಟ್ಟು ನಡೀತದಾ? ಇಲ್ಲಾಂದ್ರೆ ಮಕ್ಕಳ ಪೌಡರ್?

ಬೆಣ್ಣೆನಗರಿ_ಪಶುಮಿತ್ರ
ಎರಡೂ ಬೇಡ. ಬೀಸಿದ ಹಿಟ್ಟು ತರಿತರಿ, ಗಂಟಿನೊಳಗೆ ಇಳಿಯಲ್ಲ. ಪೌಡರ್ ಘಮ ಅದಕ್ಕೆ ಆಗಲ್ಲ, ಟಾಲ್ಕ್ ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ತೊಂದರೆ. ಗೋಬಿ ಮಂಚೂರಿಗೆ ಬಳಸೋ ಬಿಳಿ ನುಣುಪು ಕಾರ್ನ್‌ಫ್ಲೋರ್ ಇದೆಯಲ್ಲ, ಅದು. ಸುವಾಸನೆ ಸೇರಿಸಿದ ಕಸ್ಟರ್ಡ್ ಪೌಡರ್ ಅಲ್ಲ. ಗಂಟು ಬಿಟ್ಟ ಮೇಲೆ ಪೂರ್ತಿ ಬಾಚಿ ತೆಗೀರಿ, ಉಳಿದರೆ ನೆಕ್ಕಿದಾಗ ಅಂಟಾಗಿ ಮತ್ತೆ ಗಂಟು ಕಟ್ಟುತ್ತೆ.