ಅಪ್‌ಡೇಟ್: ಪಠ್ಯ ಕಡತದ ಸ್ಲೈಡ್‌ಗಳು ನೆಟ್ ಇಲ್ಲದೆಯೂ ತೆರೆದವು
ಹೋದ ವಾರ ಕೇಳಿದ್ದೆ: ಮಾರ್ಕ್‌ಡೌನ್‌ನಲ್ಲಿ (ಸರಳ ಚಿಹ್ನೆಗಳಿಂದ ಶೀರ್ಷಿಕೆ, ಪಟ್ಟಿ ಗುರುತಿಸುವ ಪಠ್ಯ ಶೈಲಿ) ಬರೆದ ಕೆ.ಆರ್.ಎಸ್. ಅಣೆಕಟ್ಟೆಯ ಪಾಠವನ್ನು ಪ್ಯಾನ್‌ಡಾಕ್ (ಕಡತದ ರೂಪ ಬದಲಿಸುವ ತಂತ್ರಾಂಶ) ಮೂಲಕ ರಿವೀಲ್ ಜೆಎಸ್ (ಬ್ರೌಸರ್‌ನಲ್ಲಿ ಸ್ಲೈಡ್ ತೋರಿಸುವ ಸಾಧನ) ಸ್ಲೈಡ್ ಮಾಡಿದರೆ ಮನೆಯಲ್ಲಿ ಚೆನ್ನಾಗಿ ಕಾಣುತ್ತದೆ, ಮಂಡ್ಯದ ನಮ್ಮ ಶಾಲೆಯಲ್ಲಿ ಮಾತ್ರ ಒಂದೇ ಉದ್ದನೆಯ ಪುಟವಾಗುತ್ತದೆ, ಏಕೆ?

ಬ್ರೌಸರ್ ಬದಲಿಸಿದೆ, ಥೀಮ್ ಬದಲಿಸಿದೆ, ಎರಡರಿಂದಲೂ ಪ್ರಯೋಜನವಾಗಲಿಲ್ಲ. ಕೈಹಿಡಿದದ್ದು ಪ್ಯಾನ್‌ಡಾಕ್ ಆಜ್ಞೆಗೆ ‘--ಎಂಬೆಡ್-ರಿಸೋರ್ಸಸ್’ ಎಂಬ ಆಯ್ಕೆ ಸೇರಿಸಿ ಎಂಬ ಸಲಹೆ. ಪ್ಯಾನ್‌ಡಾಕ್ ತಯಾರಿಸುವ ಪುಟವು ರಿವೀಲ್ ಜೆಎಸ್‌ನ ಕಡತಗಳನ್ನು ಅಂತರ್ಜಾಲದಿಂದ ತರಿಸಿಕೊಳ್ಳುತ್ತದೆ. ನಮ್ಮ ತರಗತಿಯಲ್ಲಿ ನೆಟ್ ಇಲ್ಲ. ಈ ಆಯ್ಕೆ ಕೊಟ್ಟರೆ ಚಿತ್ರಗಳ ಸಮೇತ ಎಲ್ಲವೂ ಒಂದೇ ಎಚ್‌ಟಿಎಂಎಲ್ ಕಡತದೊಳಗೆ ಸೇರುತ್ತದೆ. ಗಾತ್ರ ಹೆಚ್ಚುತ್ತದೆ ನಿಜ, ಆದರೆ ಪೆನ್‌ಡ್ರೈವ್‌ನಲ್ಲಿ ಒಯ್ಯುವುದಕ್ಕೆ ಅದೇನೂ ಅಡ್ಡಿಯಲ್ಲ. ಪ್ಯಾನ್‌ಡಾಕ್‌ನ ಹಳೆಯ ಆವೃತ್ತಿ ಇರುವವರು ‘--ಸೆಲ್ಫ್-ಕಂಟೇನ್ಡ್’ ಬಳಸಿ.

ನಿರೀಕ್ಷಿಸದೇ ಇದ್ದದ್ದು ಇನ್ನೊಂದು. ‘ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು’ ಎಂಬ ಸಾಮಾನ್ಯ ಸಾಲು ದೊಡ್ಡಕ್ಷರದ ಶೀರ್ಷಿಕೆಯಾಗಿ ನಿಂತಿತ್ತು. ಸ್ಲೈಡ್ ಬೇರ್ಪಡಿಸುವ ಮೂರು ಅಡ್ಡಗೆರೆಗಳನ್ನು (---) ಅದರ ಕೆಳಗೇ ಹಾಕಿದ್ದೆ. ನಡುವೆ ಒಂದು ಖಾಲಿ ಸಾಲು ಬಿಡಲೇಬೇಕು. ಇಲ್ಲದಿದ್ದರೆ ಮಾರ್ಕ್‌ಡೌನ್ ಮೇಲಿನ ಸಾಲನ್ನು ಶೀರ್ಷಿಕೆ ಎಂದೇ ಓದುತ್ತದೆ. ಬಿಟ್ಟೆ, ಸರಿಹೋಯಿತು.

ನಿನ್ನೆ ಒಂಬತ್ತನೆಯ ತರಗತಿಗೆ ಇಪ್ಪತ್ತೆರಡೂ ಸ್ಲೈಡ್‌ಗಳನ್ನು ತೋರಿಸಿದೆ. ‘--ಎಂಬೆಡ್-ರಿಸೋರ್ಸಸ್’ ಆಯ್ಕೆಯನ್ನು ತಿಳಿಸಿಕೊಟ್ಟ ಮೇಡಂ ಅವರಿಗೆ ಮನಃಪೂರ್ವಕ ವಂದನೆಗಳು.